ಹಗೇವಿನ ದೀಪ: ಅನಿಲಗಳ ಪಾಠದಲ್ಲಿ ನಾನು ತಿದ್ದಿಕೊಂಡ ಒಂದು ತಪ್ಪು

ಹುನಗುಂದ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ 9ನೆಯ ತರಗತಿಗೆ ನಾನು ಕೊಟ್ಟ ಎರಡು ಪಾಠಗಳ ವರದಿ ಇದು. ಮೊದಲನೆಯದು ಪಾಠಯೋಜನೆಯಂತೆ ನಡೆಯಿತು, ಮಕ್ಕಳು ಚೆನ್ನಾಗಿ ಸ್ಪಂದಿಸಿದರು, ಒಳ್ಳೆಯ ಅಂಕಗಳೂ ಬಂದವು. ಎರಡನೆಯದು ಯಾವ ಯೋಜನೆಯಲ್ಲೂ ಇರಲಿಲ್ಲ. ಮೊದಲ ಪಾಠದ ಕೊನೆಯ ನಿಮಿಷದಲ್ಲಿ ನಾನು ಕೊಟ್ಟ ಒಂದೇ ಪದದ ಉತ್ತರವನ್ನು ಹಿಂದಕ್ಕೆ ಪಡೆಯುವುದಕ್ಕಾಗಿ ಅದನ್ನು ಮಾಡಬೇಕಾಯಿತು. ಮುಂದೆ ಈ ಘಟಕವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು ಎಂದು ಎರಡನ್ನೂ ಇಲ್ಲಿ ಬರೆದಿದ್ದೇನೆ.

ವಿಷಯ ಹೊಳೆದ ಬಗೆ

ಬಾಗಲಕೋಟೆಯ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಇಳಕಲ್ಲಿನವಳು. ರಾತ್ರಿ ಊಟವಾದ ಮೇಲೆ ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಆಟ ಆಡುತ್ತಾಳೆ. ಅದರ ಹೆಸರು 'ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್'. ಕೆನಡಾದ ಕ್ಲೈ ಎಂಟರ್‌ಟೇನ್‌ಮೆಂಟ್ ಎಂಬ ಕಂಪನಿ 2019ರಲ್ಲಿ ಹೊರತಂದದ್ದು. ಒಂದು ಕ್ಷುದ್ರಗ್ರಹದ ಬಂಡೆಯೊಳಗೆ ನಾಲ್ಕಾರು ಜನ ಸಿಕ್ಕಿಕೊಂಡಿರುತ್ತಾರೆ. ಅವರಿಗಾಗಿ ನಾವು ಕಲ್ಲು ಕಡಿದು ಕೋಣೆ ಮಾಡಬೇಕು, ನೀರು ಅನ್ನ ಹೊಂದಿಸಬೇಕು, ಎಲ್ಲಕ್ಕಿಂತ ಮೊದಲು ಉಸಿರಾಡಲು ಆಕ್ಸಿಜನ್ ತಯಾರಿಸಬೇಕು. ಆಟದ ಲೆಕ್ಕದಲ್ಲಿ ಒಬ್ಬೊಬ್ಬರೂ ಸೆಕೆಂಡಿಗೆ 100 ಗ್ರಾಂ ಆಕ್ಸಿಜನ್ ಒಳಗೆಳೆದುಕೊಂಡು 2 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಗೆ ಬಿಡುತ್ತಾರೆ.

ಆಟದ ಪರದೆ ಚೌಕಾಬಾರದ ಮನೆಗಳಂತೆ ಚೌಕ ಚೌಕ. ಒಂದು ಚೌಕದಲ್ಲಿ ಒಂದೇ ಅನಿಲ ಇರಬಹುದು. ಹಗುರವಾದ ಹೈಡ್ರೋಜನ್ ಮೇಲಕ್ಕೆ ಹೋಗಿ ಛಾವಣಿ ಸೇರುತ್ತದೆ, ಆಕ್ಸಿಜನ್ ನಡುವೆ ನಿಲ್ಲುತ್ತದೆ, ಭಾರವಾದ ಕಾರ್ಬನ್ ಡೈಆಕ್ಸೈಡ್ ಇಳಿದಿಳಿದು ತಳದ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಪಳಗಿದ ಆಟಗಾರರು ಆ ಗುಂಡಿಯನ್ನು ವ್ಯರ್ಥ ಮಾಡುವುದಿಲ್ಲ. ದವಸ ಧಾನ್ಯವನ್ನು ಅಲ್ಲಿಯೇ ಇಡುತ್ತಾರೆ. ಆ ಗಾಳಿಯಲ್ಲಿ ಆಹಾರ ಬೇಗ ಕೆಡುವುದಿಲ್ಲ.

ಅದನ್ನು ನೋಡಿದಾಗ ನನಗೆ ಬದಾಮಿ ತಾಲ್ಲೂಕಿನ ನಮ್ಮ ಆಯಿಯ ಮನೆಯ ಹಗೇವು ನೆನಪಾಯಿತು. ಹಗೇವು ನೋಡದವರಿಗೆ ಒಂದು ಮಾತು: ನೀರು ಒಸರದ ಗಟ್ಟಿ ನೆಲದಲ್ಲಿ ತೋಡಿದ ಧಾನ್ಯದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗಿನ ಜೋಳ ಸತ್ತ ವಸ್ತುವಲ್ಲ, ಅದು ನಿಧಾನವಾಗಿ ಉಸಿರಾಡುತ್ತದೆ. ಅದರೊಳಗಿನ ನುಸಿಯೂ ಉಸಿರಾಡುತ್ತದೆ. ಹೊರಗಿನ ಗಾಳಿ ಬರುವುದಿಲ್ಲವಾದ್ದರಿಂದ ಆಕ್ಸಿಜನ್ ಕಡಿಮೆಯಾಗುತ್ತ, ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತ ಹೋಗುತ್ತದೆ. ಕೊನೆಗೆ ನುಸಿ ಸಾಯುತ್ತದೆ, ಜೋಳ ಉಳಿಯುತ್ತದೆ. ಆಟದವರು ಲ್ಯಾಪ್‌ಟಾಪಿನಲ್ಲಿ ಮಾಡಿದ್ದನ್ನು ನಮ್ಮ ಹಿರಿಯರು ನೆಲದಲ್ಲಿ ಮಾಡಿದ್ದರು. ಇಂದು ಚೀಲ, ಗೋದಾಮುಗಳು ಬಂದು ಹಗೇವುಗಳು ಅಪರೂಪವಾಗಿವೆ. ಆದರೂ ಹಳೆಯ ಮನೆಗಳ ಅಂಗಳದಲ್ಲಿ ಮುಚ್ಚಿದ ಬಾಯಿಗಳು ಇನ್ನೂ ಇವೆ.

ಮೊದಲ ಪಾಠ: ಉದ್ದೇಶ ಮತ್ತು ನಡಿಗೆ

ಘಟಕ: ದ್ರವ್ಯದ ಸ್ಥಿತಿಗಳು, ಅನಿಲಗಳ ಗುಣಗಳು. ಅವಧಿ: 40 ನಿಮಿಷ. ಉದ್ದೇಶಗಳು ಮೂರು: ಅನಿಲಕ್ಕೆ ತೂಕ ಇದೆ ಎಂದು ಮಕ್ಕಳು ಕಂಡುಕೊಳ್ಳುವುದು, ಬೇರೆ ಬೇರೆ ಅನಿಲಗಳ ಸಾಂದ್ರತೆ ಹೋಲಿಸುವುದು, ಹಗೇವಿನಲ್ಲಿ ದೀಪ ಯಾಕೆ ಆರುತ್ತದೆ ಎಂದು ವಿವರಿಸುವುದು. ಉಪಕರಣಗಳು: ಗಾಜಿನ ಮೀನುತೊಟ್ಟಿ, ಎತ್ತರ ಬೇರೆ ಬೇರೆ ಇರುವ ಮೂರು ಮೇಣದಬತ್ತಿ, ಅಡುಗೆ ಸೋಡಾ, ವಿನೆಗರ್, ಚೌಕಾಬಾರದ ಮನೆ ಬರೆದ ದೊಡ್ಡ ಹಾಳೆ, ಮೂರು ಬಣ್ಣದ ಕಾಗದದ ತುಂಡು.

ತೊಡಗಿಸಿಕೊಳ್ಳುವ ಹಂತದಲ್ಲಿ ಆಟದ ಕಥೆ ಹೇಳಿದೆ. ಹಾಳೆಯ ಮೇಲೆ ಕೆಂಪು ತುಂಡು ಹೈಡ್ರೋಜನ್, ನೀಲಿ ಆಕ್ಸಿಜನ್, ಕಪ್ಪು ಕಾರ್ಬನ್ ಡೈಆಕ್ಸೈಡ್. ಒಂದು ನಿಯಮ: ಮೇಲಿನ ಮನೆಯ ಅನಿಲ ಕೆಳಗಿನದಕ್ಕಿಂತ ಭಾರವಾಗಿದ್ದರೆ ಎರಡೂ ಜಾಗ ಬದಲಿಸಬೇಕು. ನಾಲ್ಕು ಗುಂಪುಗಳೂ ಐದು ನಿಮಿಷದಲ್ಲಿ ಕಪ್ಪನ್ನು ತಳಕ್ಕೂ ಕೆಂಪನ್ನು ಮೇಲಕ್ಕೂ ತಂದರು. ಬಳಿಕ ಕಪ್ಪುಹಲಗೆಯಲ್ಲಿ ಅಣುತೂಕಗಳನ್ನು ಬರೆದೆ: ಹೈಡ್ರೋಜನ್ 2, ಮೀಥೇನ್ 16, ನೈಟ್ರೋಜನ್ 28, ಆಕ್ಸಿಜನ್ 32, ಕಾರ್ಬನ್ ಡೈಆಕ್ಸೈಡ್ 44. ಗಾಳಿಯದು ಸರಾಸರಿ 29.

ಅನ್ವೇಷಣೆಯ ಹಂತದಲ್ಲಿ ತೊಟ್ಟಿಯೊಳಗೆ ಮೂರು ಬತ್ತಿ ಹಚ್ಚಿಟ್ಟು, ತಳದಲ್ಲಿ ಹರಡಿದ ಸೋಡಾದ ಮೇಲೆ ಬದಿಯಿಂದ ವಿನೆಗರ್ ಬಿಟ್ಟೆವು. ನೊರೆ ಎದ್ದಿತು. ಮೊದಲು ಗಿಡ್ಡ ಬತ್ತಿ ಆರಿತು, ಆಮೇಲೆ ನಡುವಿನದು, ಕೊನೆಗೆ ಎತ್ತರದ್ದು. ಕಾಣದ ಒಂದು ವಸ್ತು ನೀರಿನಂತೆ ತುಂಬಿಕೊಂಡು ಬರುತ್ತಿರುವುದು ಎಲ್ಲರ ಕಣ್ಣಿಗೂ ಬಿತ್ತು. ತರಗತಿ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೆ ನಾನು ಬಹಳ ಖುಷಿಪಟ್ಟೆ.

ವಿಸ್ತರಣೆಯ ಹಂತದಲ್ಲಿ ಹಗೇವಿನ ವಿಷಯ ತೆಗೆದೆ. ಕಂದೀಲು ಇಳಿಬಿಟ್ಟು ನೋಡುವ ರೂಢಿ ನಾಲ್ಕೈದು ಮಕ್ಕಳಿಗೆ ಮನೆಯಲ್ಲಿ ಕೇಳಿ ಗೊತ್ತಿತ್ತು.

ಎರಡು ಪ್ರಶ್ನೆಗಳು

ಪಾಠ ಮುಗಿಯಲು ಐದು ನಿಮಿಷ ಇರುವಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಭಾರದ ಗಾಳಿ ಕೆಳಗ ಇರತೈತಿ ಅಂದ್ರಿ. ನಾವು ದಿನಾ ನೆಲದ ಮ್ಯಾಲ ಕುಂದರ್ತೀವ್ರಿ. ನೀವು ಕುರ್ಚಿ ಮ್ಯಾಲ ಇರ್ತೀರಿ. ನಮಗ್ಯಾಕ ಏನೂ ಆಗಂಗಿಲ್ರಿ?"

ಮಕ್ಕಳು ನಕ್ಕರು. ನಾನೂ ನಕ್ಕು, "ಕಿಟಕಿ ತೆರೆದಿರುತ್ತದಲ್ಲ, ಅದಕ್ಕೆ" ಎಂದೆ. ಉತ್ತರ ಪೂರ್ತಿ ತಪ್ಪಲ್ಲ, ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಆಮೇಲೆ ಹಿಂದಿನ ಸಾಲಿನ ಹುಡುಗ ಕೇಳಿದ. "ನಮ್ಮ ಮನ್ಯಾಗ ಹಗೇವ ಐತ್ರಿ. ಈ ಸಲ ಜೋಳಕ್ಕ ರೇಟ್ ಇಲ್ಲ, ಹಗೇವಿಗೆ ಹಾಕೂಣು ಅಂತಾರ ಮುತ್ಯಾ. ರವಿವಾರ ತಗೀತಾರ. ಬಾಯಿ ಸಣ್ಣದೈತಿ, ನಾನ ಇಳಿಯಾಂವ. ದೀಪಾ ಉರದ್ರ ಇಳೀಬಹುದಲ್ರೀ?"

ನಾನು "ಹೌದು" ಎಂದೆ. ಗಂಟೆ ಹೊಡೆಯಿತು.

ಸಂಜೆ ಮಾರ್ಗದರ್ಶಕರು ವೀಕ್ಷಣಾ ಹಾಳೆ ಕೊಟ್ಟರು. ಪ್ರಸ್ತಾವನೆ, ಉಪಕರಣ ಬಳಕೆ, ಮಕ್ಕಳ ಭಾಗವಹಿಸುವಿಕೆ ಎಲ್ಲದಕ್ಕೂ ಚೆನ್ನಾದ ಅಂಕ. ಕೆಳಗೆ ಸಲಹೆಯ ಜಾಗದಲ್ಲಿ ಒಂದೇ ಸಾಲು ಇತ್ತು: "ದೀಪ ಉರಿದರೆ ಇಳಿಯಬಹುದು ಎಂಬುದಕ್ಕೆ ನಿಮ್ಮ ಪ್ರಯೋಗದಲ್ಲಿ ಆಧಾರ ಎಲ್ಲಿದೆ?"

ಅಂದು ಗುರುವಾರ. ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನನ್ನ ಪ್ರಯೋಗ ತೋರಿಸಿದ್ದು ದೀಪ ಆರುವುದನ್ನು. ಉರಿಯುವ ದೀಪದ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ಹೇಳಿದ್ದು ನಾನು, ಅದೂ ಗಂಟೆ ಹೊಡೆಯುವ ಅವಸರದಲ್ಲಿ.

ಹಾಸ್ಟೆಲಿನಲ್ಲಿ ಕೂತು ಮಾಡಿದ ಲೆಕ್ಕ

ಆ ರಾತ್ರಿ ಮಾಡಿದ ಲೆಕ್ಕವನ್ನು ಇಲ್ಲಿ ಪೂರ್ತಿ ಕೊಡುತ್ತೇನೆ. ಇದು ಕಷ್ಟದ್ದೇನಲ್ಲ, 9ನೆಯ ತರಗತಿಯ ಮಕ್ಕಳಿಗೂ ಹೇಳಬಹುದು.

ಸಾಮಾನ್ಯ ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್, ಸುಮಾರು 0.04 ಭಾಗ ಕಾರ್ಬನ್ ಡೈಆಕ್ಸೈಡ್. ಜೋಳದ ಕಾಳಿನಲ್ಲಿರುವುದು ಬಹುಮಟ್ಟಿಗೆ ಪಿಷ್ಟ. ಪಿಷ್ಟವನ್ನು ಬಳಸಿ ಉಸಿರಾಡುವಾಗ ಎಷ್ಟು ಗಾತ್ರದ ಆಕ್ಸಿಜನ್ ಖರ್ಚಾಗುತ್ತದೆಯೋ ಹೆಚ್ಚು ಕಡಿಮೆ ಅಷ್ಟೇ ಗಾತ್ರದ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಮುಚ್ಚಿದ ಹಗೇವಿನಲ್ಲಿ ಆಕ್ಸಿಜನ್ 21ರಿಂದ 17ಕ್ಕೆ ಇಳಿದಾಗ ಕಾರ್ಬನ್ ಡೈಆಕ್ಸೈಡ್ 4ಕ್ಕೆ ಏರಿರುತ್ತದೆ.

ಈಗ ದೀಪದ ಮಾತು. ಆಕ್ಸಿಜನ್ ಸುಮಾರು 16ಕ್ಕೆ ಇಳಿಯುವ ಹೊತ್ತಿಗೆ ಮೇಣದಬತ್ತಿ ಆರುತ್ತದೆ. 17 ಇದ್ದಾಗ ಅದು ಮಂಕಾಗಿ ಉರಿಯುತ್ತಲೇ ಇರಬಹುದು. ಆದರೆ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 4 ಭಾಗ ಎಂದರೆ, ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಪ್ರಕಾರ ಜೀವಕ್ಕೂ ಆರೋಗ್ಯಕ್ಕೂ ತಕ್ಷಣವೇ ಅಪಾಯ ಒಡ್ಡುವ ಮಟ್ಟ. ದಿನಕ್ಕೆ ಹತ್ತು ಗಂಟೆಯವರೆಗೆ ಕೆಲಸ ಮಾಡುವವರಿಗೆ ಅವರು ಇಟ್ಟಿರುವ ಮಿತಿ ಕೇವಲ 0.5. ಹತ್ತು ಭಾಗದ ಆಸುಪಾಸಿನಲ್ಲಿ ಮನುಷ್ಯ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ದೀಪ ಇನ್ನೂ ಮಿಣಿಮಿಣಿ ಎನ್ನುತ್ತಿರುವಾಗಲೇ ಇಳಿಯುವವನಿಗೆ ಏದುಸಿರು, ತಲೆನೋವು ಶುರುವಾಗಬಹುದು. ಕಾಳನ್ನು ಕೆದಕಿದರೆ ಅದರ ಸಂದಿಗೊಂದಿಯಲ್ಲಿದ್ದ ಗಾಳಿಯೂ ಹೊರಬರುತ್ತದೆ. ದೀಪ ನೋಡಿದ ಜಾಗ ಒಂದು, ಬಗ್ಗಿ ಕೆಲಸ ಮಾಡುವ ಜಾಗ ಇನ್ನೊಂದು.

ಬೇರೆ ಗುಂಡಿಗಳ ವಿಷಯದಲ್ಲಿ ದೀಪ ಇನ್ನೂ ಕೆಟ್ಟ ಸಾಕ್ಷಿ. ಕಾರ್ಬನ್ ಮಾನಾಕ್ಸೈಡ್ ಆಗಲಿ ಹೈಡ್ರೋಜನ್ ಸಲ್ಫೈಡ್ ಆಗಲಿ ಕೊಲ್ಲುವ ಪ್ರಮಾಣದಲ್ಲಿದ್ದರೂ ದೀಪ ಆರಬೇಕೆಂದಿಲ್ಲ. ಶೌಚಗುಂಡಿಯಲ್ಲಿ ಮೀಥೇನ್ ಇದ್ದರೆ ದೀಪ ಇಳಿಬಿಡುವುದೇ ಸ್ಫೋಟಕ್ಕೆ ಕಾರಣವಾಗಬಹುದು. ಕಲ್ಲಿದ್ದಲ ಗಣಿಗಳಲ್ಲಿ ಇದೇ ಆಗುತ್ತಿತ್ತೆಂದು ಹಂಫ್ರಿ ಡೇವಿ 1815ರಲ್ಲಿ ಜ್ವಾಲೆಯ ಸುತ್ತ ತಂತಿಬಲೆ ಇರುವ ದೀಪ ಮಾಡಿದ್ದು.

ನೆಲದ ಮೇಲೆ ಕೂತ ಹುಡುಗಿಗೆ ಉತ್ತರ

ಅವಳ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ನಿಜಕ್ಕೂ ಅದು ನನ್ನ ಚೌಕಾಬಾರದ ಹಾಳೆಯನ್ನೇ ಪ್ರಶ್ನಿಸುತ್ತಿತ್ತು. ಆಟದಲ್ಲಿ ಒಂದು ಮನೆಗೆ ಒಂದೇ ಅನಿಲ, ಆದ್ದರಿಂದ ಅನಿಲಗಳು ಪದರ ಪದರವಾಗಿ ನಿಲ್ಲಲೇಬೇಕು. ನಿಜವಾದ ಗಾಳಿಯಲ್ಲಿ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಓಡುತ್ತ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಎಲ್ಲ ಕಡೆಗೂ ಹರಡುತ್ತವೆ. ಪಠ್ಯದಲ್ಲಿ ನಾವು ಊದುಬತ್ತಿಯ ಉದಾಹರಣೆಯಿಂದ ಕಲಿಸುವ ವಿಸರಣೆ ಇದೇ. ಒಮ್ಮೆ ಬೆರೆತ ಮೇಲೆ ಭಾರದ ಅಣುಗಳು ತಾವಾಗಿಯೇ ಬೇರ್ಪಟ್ಟು ಕೆಳಗೆ ಕೂಡುವುದಿಲ್ಲ. ಹಾಗೆ ಆಗುವುದಾಗಿದ್ದರೆ 32ರ ಆಕ್ಸಿಜನ್ ನೆಲದಲ್ಲಿ, 28ರ ನೈಟ್ರೋಜನ್ ಅದರ ಮೇಲೆ ನಿಲ್ಲಬೇಕಿತ್ತು.

ಹಾಗಾದರೆ ತೊಟ್ಟಿಯಲ್ಲಿ, ಹಗೇವಿನಲ್ಲಿ ಅದು ಯಾಕೆ ನಿಂತಿತು? ಬೆರೆಯುವುದಕ್ಕೆ ಸಮಯ ಬೇಕು. ಆ ಸಮಯ ಸಿಗುವ ಮೊದಲೇ ತಳದಲ್ಲಿ ಹೊಸದು ಹುಟ್ಟುತ್ತಿದ್ದರೆ ಪದರ ನಿಲ್ಲುತ್ತದೆ. ಇಟಲಿಯ ನೇಪಲ್ಸ್ ಬಳಿ 'ನಾಯಿಯ ಗುಹೆ' ಎಂದೇ ಹೆಸರಾದ ಒಂದು ಗವಿ ಇದೆ. ಅಲ್ಲಿ ಜ್ವಾಲಾಮುಖಿಯ ನೆಲದಿಂದ ಕಾರ್ಬನ್ ಡೈಆಕ್ಸೈಡ್ ಸದಾ ಒಸರುತ್ತದೆ. ಹಿಂದೆ ಪ್ರವಾಸಿಗಳಿಗೆ ತೋರಿಸಲೆಂದು ಒಳಗೆ ಕರೆದೊಯ್ದ ನಾಯಿ ಎಚ್ಚರ ತಪ್ಪುತ್ತಿತ್ತು, ಜೊತೆಗೆ ನಿಂತ ಮನುಷ್ಯನಿಗೆ ಏನೂ ಆಗುತ್ತಿರಲಿಲ್ಲ. ನಮ್ಮ ತರಗತಿಯ ನೆಲದಿಂದ ಏನೂ ಒಸರುವುದಿಲ್ಲ, ಗಾಳಿಯೂ ಆಡುತ್ತದೆ.

ಬೆರೆಯಲು ಎಷ್ಟು ಸಮಯ ಬೇಕು ಎಂಬುದಕ್ಕೆ ಒಂದು ಸ್ಥೂಲ ಸೂತ್ರ ಉಂಟು: ಆಳದ ವರ್ಗವನ್ನು ವಿಸರಣಾಂಕದಿಂದ ಭಾಗಿಸಬೇಕು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡಿನ ವಿಸರಣಾಂಕ ಸೆಕೆಂಡಿಗೆ ಸುಮಾರು 0.16 ಚದರ ಸೆಂ.ಮೀ. 30 ಸೆಂ.ಮೀ. ಆಳದ ಜಾಡಿಗೆ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಗಂಟೆ. 3 ಮೀಟರ್ ಆಳದ ಹಗೇವಿಗೆ? ಆಳ ಹತ್ತು ಪಟ್ಟು, ಸಮಯ ನೂರು ಪಟ್ಟು. ನೂರೈವತ್ತು ಗಂಟೆಗಿಂತ ಹೆಚ್ಚು, ಅಂದರೆ ಆರು ದಿನಕ್ಕೂ ಮೇಲೆ. ಬಾಯಿ ಕಿರಿದಾದ್ದರಿಂದ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಹಗೇವಿನೊಳಗೆ ತಂಪು, ಹೊರಗೆ ಬಿಸಿ. ಒಳಗಿನ ತಂಪು ಗಾಳಿ ಭಾರ, ಅದು ಮೇಲೇಳುವುದಿಲ್ಲ. "ನಿನ್ನೆ ಸಂಜಿಗೆ ಬಾಯಿ ತೆಗದೇವಿ, ಇವತ್ತ ಇಳಿಯೂಣು" ಎಂಬ ಮಾತು ಯಾಕೆ ಸಾಲದು ಎಂಬುದು ಈ ಲೆಕ್ಕದಿಂದ ನನಗೆ ಮೊದಲ ಸಲ ತಿಳಿಯಿತು.

ಎರಡನೆಯ ಪಾಠ

ಶುಕ್ರವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯರ ಮುಂದೆ ನಿಂತು, ನಿನ್ನೆ ತಪ್ಪು ಹೇಳಿದ್ದೇನೆ, ತಿದ್ದಲು ಒಂದು ಅವಧಿ ಬೇಕು ಎಂದೆ. ಅವರು ಕಾರಣ ಕೇಳಿ ಕೊನೆಯ ಅವಧಿ ಕೊಟ್ಟರು.

ಪ್ರಾರ್ಥನೆ ಮುಗಿದ ಕೂಡಲೇ ಮೂರು ಪಾತ್ರೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಟ್ಟೆವು: ಒಂದು ಅಗಲವಾದ ಬೋಗುಣಿ, ಒಂದು ಎತ್ತರದ ತೆರೆದ ಜಾಡಿ, ಅಂಥದೇ ಇನ್ನೊಂದು ಮುಚ್ಚಿದ ಜಾಡಿ. ಅರ್ಧ ಗಂಟೆ ಬಿಟ್ಟು ಇಬ್ಬರು ಮಕ್ಕಳು ತಂತಿಗೆ ಕಟ್ಟಿದ ಬತ್ತಿ ಇಳಿಸಿ ನೋಡಿದರು. ಬೋಗುಣಿಯಲ್ಲಿ ಉರಿಯಿತು, ಎರಡೂ ಜಾಡಿಗಳಲ್ಲಿ ಆರಿತು. ಕೊನೆಯ ಅವಧಿಯಲ್ಲಿ ಎಲ್ಲರ ಮುಂದೆ ಮತ್ತೆ ನೋಡಿದೆವು. ತೆರೆದ ಜಾಡಿಯಲ್ಲಿ ಉರಿಯಿತು. ಮುಚ್ಚಿದ್ದರಲ್ಲಿ, ಮುಚ್ಚಳ ತೆಗೆದ ಕೂಡಲೇ ಇಳಿಸಿದ ಬತ್ತಿ ಆರಿತು. ಆಳ, ಬಾಯಿ, ಮುಚ್ಚಳ, ಸಮಯ ಈ ನಾಲ್ಕರ ಸಂಬಂಧ ಮಕ್ಕಳೇ ಹೇಳಿದರು. ನೆಲದ ಮೇಲೆ ಕೂತ ಹುಡುಗಿಗೆ ನಾನು ಉತ್ತರ ಹೇಳುವ ಅಗತ್ಯ ಬೀಳಲಿಲ್ಲ. "ನಾವು ಬೋಗುಣ್ಯಾಗ ಅದೇವ್ರಿ" ಎಂದು ಅವಳೇ ಹೇಳಿದಳು.

ಬಳಿಕ ಕಪ್ಪುಹಲಗೆಯಲ್ಲಿ ಎರಡು ಸಾಲು ಬರೆದೆ.

ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ.
ಅಂಗಳ ಒದ್ದೆಯಾಗಿದ್ದರೆ ಮಳೆ ಬಂದಿದೆಯೇ?

"ಇಲ್ರಿ, ಅವ್ವ ನೀರ ಹೊಡದಿರ್ತಾಳ" ಎಂದು ನಾಲ್ಕಾರು ದನಿಗಳು ಬಂದವು. ಆಗ ಅವುಗಳ ಕೆಳಗೆ ಬರೆದೆ:

ದೀಪ ಆರಿದರೆ: ಇಳಿಯಬಾರದು.
ದೀಪ ಉರಿದರೆ: ಇನ್ನೂ ಏನೂ ಗೊತ್ತಾಗಿಲ್ಲ.

ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಿದೆ. 17 ಮತ್ತು 4ರ ಲೆಕ್ಕ ಹಾಕಿ ತೋರಿಸಿದೆ. ಇನ್ನೂ ಒಂದು ಮಾತು ಸೇರಿಸಿದೆ: ಒಳಗೆ ಇಳಿದವರು ಬಿದ್ದರೆ ಅವರ ಹಿಂದೆ ಯಾರೂ ಇಳಿಯಬಾರದು, ಕೂಗಿ ಜನ ಕರೆಯಬೇಕು, ಅಗ್ನಿಶಾಮಕದವರನ್ನು ಕರೆಸಬೇಕು. ನಾನು ಮೇಲೆ ಹೇಳಿದ ಅಮೆರಿಕದ ಸಂಸ್ಥೆಯೇ 1986ರಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ, ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಇಳಿದವರು ಎಂದಿದೆ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಮಕ್ಕಳು ಅದನ್ನು ಗಮನಿಸಿದರು.

ಬಾಗಿಲಿನ ಪಾಠ

ಉಳಿದ ಹದಿನೈದು ನಿಮಿಷ ಆಟದ ಇನ್ನೊಂದು ಅಂಶಕ್ಕೆ ಕೊಟ್ಟೆ. ಬೇಡದ ಅನಿಲ ಒಂದು ಕೋಣೆಯಿಂದ ಇನ್ನೊಂದಕ್ಕೆ ನುಗ್ಗದಂತೆ ಆಟಗಾರರು ಗಾಳಿಬಾಗಿಲು ಮಾಡುತ್ತಾರೆ. ಒಂದೇ ಬಾಗಿಲಿದ್ದರೆ ತೆರೆದಾಗಲೆಲ್ಲ ಅನಿಲ ಸೋರುತ್ತದೆ. ಎರಡು ಬಾಗಿಲು ಮಾಡಿ, ಎರಡೂ ಒಟ್ಟಿಗೆ ತೆರೆಯದಂತೆ ನೋಡಿಕೊಂಡರೆ ಸೋರುವುದು ಬಹಳ ಕಡಿಮೆಯಾಗುತ್ತದೆ. ಇನ್ನೂ ಸುಲಭದ ದಾರಿ ನೀರಿನ ಬೀಗ: ದಾರಿಯ ತಗ್ಗಿನಲ್ಲಿ ಸ್ವಲ್ಪ ನೀರು ನಿಲ್ಲಿಸಿದರೆ ಮನುಷ್ಯ ದಾಟಿ ಹೋಗುತ್ತಾನೆ, ಅನಿಲ ದಾಟುವುದಿಲ್ಲ.

ಇದನ್ನು ತೋರಿಸಲು ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ತಂದಿದ್ದೆ. ಅದನ್ನು ಬಗ್ಗಿಸಿ ಹಿಡಿದು ನಡುವೆ ನೀರು ಹಾಕಿ, ಒಂದು ತುದಿಯ ಹತ್ತಿರ ಊದುಬತ್ತಿಯ ಹೊಗೆ ಬಿಟ್ಟೆವು. ಹೊಗೆ ಇನ್ನೊಂದು ತುದಿಗೆ ಬರಲಿಲ್ಲ. ಜೋರಾಗಿ ಊದಿದಾಗ ನೀರು ಹಾರಿ ದಾರಿ ತೆರೆಯಿತು. 5 ಸೆಂ.ಮೀ. ನೀರು ತಡೆಯುವುದು 5 ಸೆಂ.ಮೀ. ನೀರಿನ ಒತ್ತಡವನ್ನಷ್ಟೇ, ಅಂದರೆ ವಾಯುಮಂಡಲದ ಒತ್ತಡದ ಇನ್ನೂರನೆಯ ಒಂದು ಭಾಗ. ಆಟದಲ್ಲಿ ಇಷ್ಟೇ ನೀರು ಎಂಥ ಒತ್ತಡವನ್ನೂ ಬಹುಮಟ್ಟಿಗೆ ತಡೆದು ನಿಲ್ಲುತ್ತದೆ.

"ಇಂಥ ನೀರಿನ ಬೀಗ ನೀವು ಎಲ್ಲಿ ನೋಡಿದ್ದೀರಿ?" ಎಂದು ಕೇಳಿದೆ. ಶೌಚಾಲಯದ ಬೋಗುಣಿಯಲ್ಲಿ ಸದಾ ನಿಂತಿರುವ ನೀರು ಎಂದರು. ರಜೆಯಲ್ಲಿ ಊರಿಗೆ ಹೋಗಿ ಬಂದಾಗ ಬಚ್ಚಲು ನಾರುವುದು ಆ ನೀರು ಆರಿದ್ದಕ್ಕೆ ಎಂದು ಒಬ್ಬ ಹೇಳಿದ. ಗೋಬರ್ ಗ್ಯಾಸಿನ ತೇಲುವ ಡ್ರಮ್ಮು ಎಂದು ಇನ್ನೊಬ್ಬ. ನಾನು ಒಂದನ್ನು ಸೇರಿಸಿದೆ: ಪ್ರಯೋಗಾಲಯದಲ್ಲಿ ಹೈಡ್ರೋಜನ್ ತಯಾರಿಸುವಾಗ ಉದ್ದ ಕೊಳವೆಯ ಆಲಿಕೆಯ ತುದಿ ಆಮ್ಲದಲ್ಲಿ ಮುಳುಗಿರಲೇಬೇಕು ಎನ್ನುತ್ತೇವೆ. ಯಾಕೆ ಎಂದು ನಾನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದೂ ಒಂದು ನೀರಿನ ಬೀಗ ಎಂದು ತಿಳಿದದ್ದು ಗೆಳತಿಯ ಆಟ ನೋಡಿದ ಮೇಲೆ.

ಕೊನೆಗೆ ಹಗೇವಿಗೆ ಮರಳಿದೆವು. ಹಗೇವಿಗೆ ಎಷ್ಟು ಬಾಗಿಲು? ಒಂದೇ. ಜೋಳ ಹೋಗುವುದೂ, ಮನುಷ್ಯ ಹೋಗುವುದೂ, ಗಾಳಿ ಬರಬೇಕಾದದ್ದೂ ಅದೊಂದರಿಂದಲೇ. ಆ ಬಾಯಿ ಕಟ್ಟಿದ್ದು ಕಾಳನ್ನು ಕಾಯುವುದಕ್ಕೆ, ಮನುಷ್ಯನನ್ನು ಕಾಯುವುದಕ್ಕಲ್ಲ.

ಮೌಲ್ಯಮಾಪನ ಮತ್ತು ಆಮೇಲೆ ನಡೆದದ್ದು

ಕಿರು ಪರೀಕ್ಷೆಗೆ ಎರಡು ಪ್ರಶ್ನೆ ಕೊಟ್ಟೆ. ಒಂದು: ಆಟದ ಹಾಳೆಗೂ ನಿಜವಾದ ಗಾಳಿಗೂ ಇರುವ ಒಂದು ವ್ಯತ್ಯಾಸ ಬರೆಯಿರಿ. ಎರಡು: ಹಗೇವಿನಲ್ಲಿ ದೀಪ ಉರಿಯಿತು, ನೀವು ಏನು ಮಾಡುತ್ತೀರಿ? ಮೊದಲನೆಯದಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ಎರಡನೆಯದಕ್ಕೆ ಹಲವರು ಇನ್ನೂ "ಇಳಿಯುತ್ತೇನೆ" ಎಂದೇ ಬರೆದಿದ್ದರು. ಗುರುವಾರ ಟೀಚರ್ ಹೇಳಿದ ಒಂದು "ಹೌದು" ಶುಕ್ರವಾರದ ಎರಡು ಪ್ರಯೋಗಗಳಿಗಿಂತ ಗಟ್ಟಿಯಾಗಿ ಕೂತಿತ್ತು. ಆ ಉತ್ತರಪತ್ರಿಕೆಗಳನ್ನು ಇಟ್ಟುಕೊಂಡು ಒಬ್ಬೊಬ್ಬರೊಂದಿಗೂ ಮಾತಾಡಿದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಮುಖ್ಯೋಪಾಧ್ಯಾಯರು ನನ್ನನ್ನು ಆ ಹುಡುಗನ ಮನೆಗೆ ಕರೆದುಕೊಂಡು ಹೋದರು. ಅವನ ಮುತ್ಯಾ ಕಟ್ಟೆಯ ಮೇಲೆ ಕೂತಿದ್ದರು. ನಾನು ಅಂಜುತ್ತಲೇ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ಹೀಗೆ ಹೇಳಿದರು:

"ತಂಗಿ, ನಾವು ದೀಪಾ ಬಿಡತಿದ್ದದ್ದು ಇಳೀಬೇಕಂತ ಅಲ್ಲವ್ವಾ, ಇಳೀಬಾರದೇನು ಅಂತ ನೋಡಾಕ. ದೀಪಾ ಬಿಡೂದಕ್ಕಿಂತ ಮೊದಲ ಹಗ್ಗಕ್ಕ ಬುಟ್ಟಿ ಕಟ್ಟಿ ಮ್ಯಾಲ ಕೆಳಗ ಗಾಳಿ ಆಡಸ್ತಿದ್ವಿ. ಇಳಿಯಾವನ ನಡಕ್ಕ ಹಗ್ಗ, ಮ್ಯಾಲ ಇಬ್ಬರು ಗಟ್ಟಿ ಆಳು. ಮಾತಾಡ್ಕೋತ ಇರಬೇಕು, ಮಾತು ನಿಂತ್ರ ಎಳೀಬೇಕು. ಈಗಿನ ಹುಡುಗರಿಗೆ ದೀಪದ್ದಷ್ಟ ನೆನಪೈತಿ."

ನಾನು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಹುಡುಕಿದ್ದರ ಬಹುಪಾಲು ಅವರ ಬಳಿ ಇತ್ತು. ಇಲ್ಲದ್ದು ಅಂಕಿಗಳು ಮಾತ್ರ. ನನ್ನ ಲೆಕ್ಕವನ್ನು ಅವರಿಗೂ ಹೇಳಿದೆ. ಗಾಳಿ ಆಡಿಸುವುದು, ಹಗ್ಗ ಕಟ್ಟುವುದು ಒಳ್ಳೆಯದೇ, ಆದರೆ ಅನಿಲ ಅಳೆಯುವ ಉಪಕರಣ ಇಲ್ಲದೆ ಒಳಗಿನದು ಗೊತ್ತಾಗುವುದಿಲ್ಲ, ಮಗುವನ್ನಂತೂ ಇಳಿಸಲೇಬಾರದು ಎಂದೆ. ಅವರು ಮೊಮ್ಮಗನ ಕಡೆ ನೋಡಿ, "ಇಂವನ್ನ ಇಳಸ್ತೀನಂತ ಯಾರಂದ್ರು?" ಎಂದರು. ಹುಡುಗ ಬಾಗಿಲ ಹಿಂದೆ ಸರಿದ.

ಆ ರವಿವಾರ ಹಗೇವು ತೆಗೆಯಲಿಲ್ಲ. ಅದರ ಕೀರ್ತಿ ನನ್ನ ಪಾಠಕ್ಕೆ ಸಲ್ಲುವುದಿಲ್ಲ. ಇಳಿಯಲು ಬಲ್ಲ ಆಳು ಸಿಗಲಿಲ್ಲವಂತೆ, ಜೋಳವನ್ನು ಚೀಲಗಳಲ್ಲೇ ಇಟ್ಟರಂತೆ. ಸೋಮವಾರ ಹುಡುಗ ತನ್ನ ಉತ್ತರಪತ್ರಿಕೆ ಕೇಳಿ ಪಡೆದು, ಎರಡನೆಯ ಉತ್ತರ ಹೊಡೆದುಹಾಕಿ ಹೊಸದು ಬರೆದುಕೊಟ್ಟ: "ದೀಪ ಉರಿದರೂ ನಾನು ಇಳಿಯುವುದಿಲ್ಲ. ಮುತ್ಯಾನಿಗೆ ಹೇಳುತ್ತೇನೆ."

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಆಟವನ್ನು ಪಾಠಕ್ಕೆ ಬಳಸಬಹುದೇ ಎಂದು ಕೆಲವರು ಕೇಳಿದರು. ಬಳಸಬಹುದು. ಲ್ಯಾಪ್‌ಟಾಪ್ ಬೇಕಿಲ್ಲ, ಚೌಕಾಬಾರದ ಹಾಳೆ ಸಾಕು. ಆದರೆ ಆಟ ಎಲ್ಲಿ ತಪ್ಪುತ್ತದೆ ಎಂಬ ಪಟ್ಟಿ ನಮ್ಮ ಕೈಯಲ್ಲಿ ಮೊದಲೇ ಇರಬೇಕು. ಅದರಲ್ಲಿ ಅನಿಲಗಳು ಬೆರೆಯುವುದಿಲ್ಲ, ನಿಜದಲ್ಲಿ ಬೆರೆಯುತ್ತವೆ. ನಮ್ಮ ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚಿರುವ ನೈಟ್ರೋಜನ್ ಅದರಲ್ಲಿ ಇಲ್ಲವೇ ಇಲ್ಲ. ಕ್ಲೋರಿನ್ ಅನಿಲ ಅಲ್ಲಿ ಕಾರ್ಬನ್ ಡೈಆಕ್ಸೈಡಿನ ಮೇಲೆ ತೇಲುತ್ತದೆ. ನಿಜವಾದ ಕ್ಲೋರಿನ್ನಿನ ಅಣುತೂಕ 71, ಅದು ಕಾರ್ಬನ್ ಡೈಆಕ್ಸೈಡಿಗಿಂತ ಭಾರ. ನೀರಿನ ಬೀಗಕ್ಕೆ ಅಲ್ಲಿ ಒತ್ತಡದ ಮಿತಿಯೇ ಇದ್ದಂತಿಲ್ಲ. ಈ ತಪ್ಪುಗಳನ್ನು ಮುಚ್ಚಿಡಬೇಡಿ. ಅವುಗಳನ್ನು ಹುಡುಕುವ ಕೆಲಸವನ್ನೇ ಮಕ್ಕಳಿಗೆ ಕೊಡಿ. ನೆಲದ ಮೇಲೆ ಕೂತ ಹುಡುಗಿ ಮೊದಲ ದಿನವೇ ಒಂದನ್ನು ಹುಡುಕಿದ್ದಳು, ನಾನು ಗುರುತಿಸಲಿಲ್ಲ.

ಪಾಠಯೋಜನೆಯಲ್ಲಿ ಕೊನೆಯ ಐದು ನಿಮಿಷವನ್ನು ನಾವು ಪುನರಾವರ್ತನೆ, ಮನೆಗೆಲಸ ಎಂದು ತುಂಬಿಬಿಡುತ್ತೇವೆ. ಮಕ್ಕಳು ತಮ್ಮ ಮನೆಯ ಪ್ರಶ್ನೆ ತೆಗೆಯುವುದು ಆಗಲೇ. ಉತ್ತರ ಖಚಿತವಿಲ್ಲದಿದ್ದರೆ "ನಾಳೆ ನೋಡಿ ಹೇಳುತ್ತೇನೆ" ಎಂದು ಹೇಳಲು ಐದು ಸೆಕೆಂಡು ಸಾಕು. ಗಂಟೆ ಹೊಡೆದರೂ ಅಷ್ಟು ಸಮಯ ಇರುತ್ತದೆ.